ಮುದುಕ ಪಾರ್ ಜೊತೆ ಪಂದ್ಯವಾಡಿದ ಬಾಬಿ ಜೋನ್ಸ್

ಇಪ್ಪತ್ತೆಂಟು ವರ್ಷವೆಂದರೆ ಗಾಲ್ಫ್ ಆಟಗಾರನ ಪಾಲಿಗೆ ಇನ್ನೂ ಬೆಳಗಿನ ಹೊತ್ತು. ಆ ವಯಸ್ಸಿಗೆ ಒಂದೇ ವರ್ಷದಲ್ಲಿ ಆ ಕಾಲದ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಗೆದ್ದು, ಕೊನೆಯ ಗೆಲುವಿಗೆ ಎರಡು ತಿಂಗಳು ತುಂಬುವ ಮೊದಲೇ ಸ್ಪರ್ಧಾಕಣದಿಂದ ತಾನಾಗಿ ಹೊರನಡೆದವನು ಅಮೆರಿಕದ ಬಾಬಿ ಜೋನ್ಸ್. ಆಡಿದಷ್ಟು ಕಾಲವೂ ಆಟಕ್ಕೆಂದು ಒಂದು ಡಾಲರ್ ಬಹುಮಾನವನ್ನೂ ಮುಟ್ಟದ ಹವ್ಯಾಸಿ. ವೃತ್ತಿಯಿಂದ ವಕೀಲ. ಗಾಲ್ಫ್ ಕ್ಲಬ್ಬನ್ನು ಹೇಗೆ ಬೀಸಬೇಕೆಂಬುದನ್ನು ಆತ ಕಲಿತದ್ದು ಆರೇಳನೆಯ ವಯಸ್ಸಿನಲ್ಲಿ, ಹೆಚ್ಚು ಕಷ್ಟಪಡದೆ. ಬೀಸಿದ ಹೊಡೆತ ತಪ್ಪಿದಾಗ ಹೇಗಿರಬೇಕೆಂಬುದನ್ನು ಕಲಿಯಲು ಮಾತ್ರ ಹದಿನೈದು ವರ್ಷ ಹಿಡಿಯಿತು. ಜೋನ್ಸ್‌ನ ಬದುಕಿನಲ್ಲಿ ಕುತೂಹಲಕಾರಿಯಾದದ್ದು ಈ ಎರಡನೆಯ ಕಲಿಕೆಯೇ.

ರಾಬರ್ಟ್ ಟೈರ್ ಜೋನ್ಸ್ ಹುಟ್ಟಿದ್ದು 1902ರ ಮಾರ್ಚ್ 17ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ತಂದೆ ವಕೀಲರು. ಮಗು ಎಷ್ಟು ನಿತ್ರಾಣವಾಗಿತ್ತೆಂದರೆ ಐದು ವರ್ಷವಾಗುವವರೆಗೂ ಗಟ್ಟಿ ಆಹಾರ ಮೈಗೆ ಹತ್ತುತ್ತಿರಲಿಲ್ಲ. ಊರಾಚೆಯ ಗಾಳಿಯಾದರೂ ಒಗ್ಗೀತೆಂದು ಕುಟುಂಬ ಬೇಸಿಗೆ ಕಳೆಯಲು ಈಸ್ಟ್ ಲೇಕ್‌ಗೆ ಬಂತು. ಮನೆಯ ಮಗ್ಗುಲಲ್ಲೇ ಗಾಲ್ಫ್ ಮೈದಾನವಿತ್ತು. ಸ್ಕಾಟ್ಲೆಂಡಿನ ಕಾರ್ನೂಸ್ಟಿಯಿಂದ ಬಂದ ಸ್ಟುವರ್ಟ್ ಮೇಡನ್ ಎಂಬ ಮಿತಭಾಷಿ 1908ರಲ್ಲಿ ಅಲ್ಲಿನ ವೃತ್ತಿಪರ ಆಟಗಾರನಾಗಿ ನೇಮಕಗೊಂಡ. ಹುಡುಗ ಆತನ ಹಿಂದೆ ಹಿಂದೆ ಒಂದೂ ಮಾತಿಲ್ಲದೆ ಕೆಲವು ಕುಳಿಗಳಷ್ಟು ದೂರ ನಡೆಯುವನು, ನೋಡುವನು, ಮನೆಗೆ ಮರಳಿ ಅದೇ ಭಂಗಿಯಲ್ಲಿ ಬೀಸುವನು. ವಿಧಿವತ್ತಾದ ಪಾಠ ಎಂಬುದು ನಡೆಯಲೇ ಇಲ್ಲ. ಮಕ್ಕಳು ಮಾತು ಕಲಿಯುವ ಹಾಗೆ ಜೋನ್ಸ್ ಗಾಲ್ಫ್ ಕಲಿತ.

ಒಂಬತ್ತನೆಯ ವಯಸ್ಸಿಗೆ ಕ್ಲಬ್ಬಿನ ಕಿರಿಯರ ಪ್ರಶಸ್ತಿ. 1916ರಲ್ಲಿ, ಹದಿನಾಲ್ಕು ವರ್ಷಕ್ಕೆ ಜಾರ್ಜಿಯಾ ರಾಜ್ಯದ ಹವ್ಯಾಸಿ ಚಾಂಪಿಯನ್. ಅದೇ ವರ್ಷ ಫಿಲಡೆಲ್ಫಿಯಾ ಬಳಿಯ ಮೆರಿಯನ್‌ನಲ್ಲಿ ನಡೆದ ರಾಷ್ಟ್ರೀಯ ಹವ್ಯಾಸಿ ಸ್ಪರ್ಧೆಯಲ್ಲಿ ಎರಡು ಪಂದ್ಯ ಗೆದ್ದು, ಮೂರನೆಯದರಲ್ಲಿ ಹಾಲಿ ಚಾಂಪಿಯನ್ ಆಗಿದ್ದ ರಾಬರ್ಟ್ ಗಾರ್ಡ್ನರ್‌ಗೆ ಸೋತ. ಹುಡುಗನ ಹೊಡೆತಗಳನ್ನು ಕಂಡು ಬೆರಗಾದ ಪ್ರೇಕ್ಷಕರು ಇನ್ನೊಂದನ್ನೂ ಕಂಡರು. ಹೊಡೆತ ಕೆಟ್ಟರೆ ಕ್ಲಬ್ಬು ಗಾಳಿಯಲ್ಲಿ ಹಾರುತ್ತಿತ್ತು, ಬೈಗುಳ ಅದರ ಹಿಂದೆ ಹಾರುತ್ತಿತ್ತು. ಮೊದಲ ಪಂದ್ಯದ ಎದುರಾಳಿಯೂ ಅಂಥವನೇ ಆಗಿದ್ದುದರಿಂದ ಆ ದಿನ ಎರಡೂ ಕಡೆಯಿಂದ ಕ್ಲಬ್ಬುಗಳು ಹಾರಿದವು.

ಅಟ್ಲಾಂಟಾದಲ್ಲಿ ಜೋನ್ಸ್‌ನ ಜೊತೆಗೇ ಆಡಿ ಬೆಳೆದ ಅಲೆಕ್ಸಾ ಸ್ಟರ್ಲಿಂಗ್ ಮುಂದೆ ಮೂರು ಬಾರಿ ಅಮೆರಿಕದ ಮಹಿಳಾ ಹವ್ಯಾಸಿ ಚಾಂಪಿಯನ್ ಆದವಳು. ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್‌ಕ್ರಾಸ್ ನಿಧಿಗಾಗಿ ಇವರೆಲ್ಲ ಊರೂರು ಸುತ್ತಿ ಪ್ರದರ್ಶನ ಪಂದ್ಯಗಳನ್ನು ಆಡಿದರು. ಗೆಳೆಯನ ರಂಪಾಟ ಕಂಡು ಆಕೆ ನಾಚಿ ತಲೆತಗ್ಗಿಸಿದ್ದುಂಟು. ಹುಡುಗನಿಗೆ ಅದು ಗೊತ್ತಾಗಿಯೂ ಸಿಟ್ಟು ಬಗ್ಗಲಿಲ್ಲ.

ಗಾಲ್ಫಿನಲ್ಲಿ ಸಿಟ್ಟಿಗೆ ಇರುವಷ್ಟು ಅವಕಾಶ ಬೇರೆ ಆಟಗಳಲ್ಲಿ ಇಲ್ಲ ಎನ್ನಬೇಕು. ಕ್ರಿಕೆಟ್ಟಿನಲ್ಲಿ ಬೌಲರ್ ಎಸೆದ ಚೆಂಡು ಬುಸುಗುಟ್ಟಿ ಬರುತ್ತದೆ, ಟೆನಿಸ್ಸಿನಲ್ಲಿ ಎದುರಾಳಿಯ ಹೊಡೆತಕ್ಕೆ ಉತ್ತರ ಕೊಡಬೇಕು. ಇಲ್ಲಿ ಚೆಂಡು ನೆಲದ ಮೇಲೆ ತೆಪ್ಪಗೆ ಕೂತಿರುತ್ತದೆ. ಹೊಡೆಯುವವನು ಒಬ್ಬನೇ, ತಪ್ಪುವವನೂ ಅವನೇ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಇನ್ನೂರು ಗಜ ನಡೆಯಬೇಕು. ಆ ನಡಿಗೆಯಲ್ಲಿ ಹಿಂದಿನ ತಪ್ಪನ್ನು ಮೆಲುಕು ಹಾಕಲು ಬೇಕಾದಷ್ಟು ಸಮಯ. ಪರಿಪೂರ್ಣತೆಯ ಹುಚ್ಚು ಹಿಡಿದ ಹದಿಹರೆಯದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

1920ರಲ್ಲಿ ಓಹಿಯೋದ ಇನ್ವರ್ನೆಸ್ ಮೈದಾನದಲ್ಲಿ ಜೋನ್ಸ್ ಮೊದಲ ಬಾರಿಗೆ ಅಮೆರಿಕನ್ ಓಪನ್ ಆಡಿದಾಗ ಐವತ್ತು ವರ್ಷದ ಹ್ಯಾರಿ ವಾರ್ಡನ್ ಜೊತೆಗಾರನಾಗಿದ್ದ. ಬ್ರಿಟಿಷ್ ಓಪನ್ನನ್ನು ಆರು ಬಾರಿ ಗೆದ್ದ ಇಂಗ್ಲಿಷ್ ಮಹಾರಥಿ. ಸುಲಭದ ಒಂದು ಹೊಡೆತವನ್ನು ಕೆಡಿಸಿ ಚೆಂಡನ್ನು ಗ್ರೀನಿನಾಚೆ ಹಾರಿಸಿದ ಜೋನ್ಸ್, ಮುಜುಗರ ಮುಚ್ಚಿಕೊಳ್ಳಲೆಂದು, ಇದಕ್ಕಿಂತ ಕೆಟ್ಟ ಹೊಡೆತವನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿದ. ವಾರ್ಡನ್ ಇಲ್ಲವೆಂದು ಒಂದೇ ಪದದಲ್ಲಿ ಉತ್ತರಿಸಿ ಮುಂದೆ ನಡೆದ. ಮುಂದೆ ಈ ಪ್ರಸಂಗವನ್ನು ಲೋಕಕ್ಕೆ ಹೇಳಿ ನಕ್ಕವನು ಜೋನ್ಸ್‌ನೇ.

ಮರುವರ್ಷ ನಗುವ ಹಾಗಿರಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಎಂದರೆ ಗಾಲ್ಫಿಗರ ಕಾಶಿ. 1921ರ ಬ್ರಿಟಿಷ್ ಓಪನ್ ಅಲ್ಲಿ ನಡೆಯಿತು. ಮೂರನೆಯ ಸುತ್ತಿನ ಮೊದಲ ಒಂಬತ್ತು ಕುಳಿಗಳಿಗೆ 46 ಹೊಡೆತ, ಹತ್ತನೆಯದಕ್ಕೆ ಆರು. ಹನ್ನೊಂದನೆಯ ಕುಳಿಯಲ್ಲಿ ಚೆಂಡು ಮರಳುಗುಂಡಿಗೆ ಬಿತ್ತು. ಜೋನ್ಸ್ ಚೆಂಡನ್ನು ಎತ್ತಿ ಸ್ಪರ್ಧೆಗೆ ಬೆನ್ನು ತಿರುಗಿಸಿದ. ಗಾಲ್ಫಿನ ತವರಿನಲ್ಲಿ ಇದು ದೇವಸ್ಥಾನದಲ್ಲಿ ಚಪ್ಪಲಿ ಮೆಟ್ಟಿ ನಿಂತಂಥ ನಡತೆ. ಅದೇ ವರ್ಷ ಅಮೆರಿಕಕ್ಕೆ ಹಿಂದಿರುಗಿ ಆಡಿದ ರಾಷ್ಟ್ರೀಯ ಹವ್ಯಾಸಿ ಸ್ಪರ್ಧೆಯಲ್ಲಿ ಸಿಟ್ಟಿನಿಂದೆಸೆದ ಕ್ಲಬ್ಬು ಪುಟಿದು ಪ್ರೇಕ್ಷಕಿಯೊಬ್ಬಳ ಕಾಲಿಗೆ ಬಡಿಯಿತು. ಸಿಟ್ಟು ಹಿಡಿತಕ್ಕೆ ಬಾರದಿದ್ದರೆ ಮುಂದೆ ಆಡಲು ಬಿಡುವುದಿಲ್ಲವೆಂಬ ಎಚ್ಚರಿಕೆ ಅಮೆರಿಕನ್ ಗಾಲ್ಫ್ ಸಂಘದಿಂದ ಬಂತು. ಆಗ ಜೋನ್ಸ್‌ಗೆ ಹತ್ತೊಂಬತ್ತು ವರ್ಷ.

ಆತ ಬದಲಾದದ್ದು ಒಂದೇ ದಿನದಲ್ಲಲ್ಲ. ಜಾರ್ಜಿಯಾ ಟೆಕ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ, ಆಮೇಲೆ ಹಾರ್ವರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ, ತರುವಾಯ ಎಮೊರಿಯಲ್ಲಿ ಕಾನೂನು ಓದು. ಗಾಲ್ಫ್ ರಜೆಯ ದಿನಗಳ ಆಟವಾಗಿಯೇ ಉಳಿಯಿತು. ಆದರೆ ಈ ಓದಿನ ನಡುವೆಯೇ ಆತ ತನ್ನ ಆಟವನ್ನೂ ಓದತೊಡಗಿದ. ಎದುರಾಳಿಯನ್ನು ನೋಡಿ ಆಡಿದರೆ ಅವನ ಅದೃಷ್ಟ, ಅವನ ಅವಘಡ ಎರಡೂ ತನ್ನ ಕೈಯನ್ನು ನಡುಗಿಸುತ್ತವೆ ಎಂಬುದು ಗೋಚರಿಸಿತು. ಪ್ರತಿ ಕುಳಿಗೂ ನುರಿತ ಆಟಗಾರ ಇಷ್ಟು ಹೊಡೆತದಲ್ಲಿ ಮುಗಿಸಬೇಕೆಂಬ ಲೆಕ್ಕವೊಂದಿದೆ, ಅದೇ ಪಾರ್. ಜೋನ್ಸ್ ಈ ಪಾರ್ ಎಂಬ ಅಂಕಿಯನ್ನೇ ಒಬ್ಬ ಮುದುಕನೆಂದು ಭಾವಿಸಿದ. ಈ ಮುದುಕ ಅದ್ಭುತ ಹೊಡೆತ ಹೊಡೆಯುವುದಿಲ್ಲ, ತಪ್ಪನ್ನೂ ಮಾಡುವುದಿಲ್ಲ, ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಎದುರಿಗೆ ಯಾರೇ ನಿಂತಿರಲಿ, ಪಂದ್ಯ ಈ ಮುದುಕನ ಜೊತೆಗೆ ಎಂದು ಕಟ್ಟಿಕೊಂಡ ಮೇಲೆ ಆಟದ ಬಣ್ಣ ಬದಲಾಯಿತು. ಒಂದು ಕುಳಿಯಲ್ಲಿ ಕಳೆದುಕೊಂಡದ್ದನ್ನು ಮುಂದಿನ ಹೊಡೆತದಲ್ಲೇ ವಸೂಲು ಮಾಡುವ ಆತುರ ಕಡಿಮೆಯಾಯಿತು.

1923ರ ಜುಲೈನಲ್ಲಿ ನ್ಯೂಯಾರ್ಕ್ ಬಳಿಯ ಇನ್‌ವುಡ್‌ನಲ್ಲಿ ಅಮೆರಿಕನ್ ಓಪನ್. ಸ್ಟುವರ್ಟ್ ಮೇಡನ್‌ನ ಅಣ್ಣ ಜಿಮ್ ಮೇಡನ್ ಕೊಟ್ಟ ಹಳೆಯ ಪಟರ್ ಒಂದು ಆಗಲೇ ಜೋನ್ಸ್‌ನ ಚೀಲ ಸೇರಿತ್ತು. ಕ್ಯಾಲಮಿಟಿ ಜೇನ್ ಎಂಬ ಹೆಸರಿನ ಈ ಪಟರ್ ಮುಂದೆ ಆಟಗಾರನಷ್ಟೇ ಪ್ರಸಿದ್ಧವಾಯಿತು. ಗೆಲುವು ಕೈಯಲ್ಲೇ ಇದ್ದಾಗ ಕೊನೆಯ ಕುಳಿಯನ್ನು ಆರು ಹೊಡೆತದಲ್ಲಿ ಮುಗಿಸಿದ ಜೋನ್ಸ್, ಬಾಬಿ ಕ್ರುಕ್‌ಶ್ಯಾಂಕ್ ಜೊತೆ ಸಮನಾಗಿ ನಿಂತು ಮರುದಿನ ಹದಿನೆಂಟು ಕುಳಿಗಳ ನಿರ್ಣಾಯಕ ಸುತ್ತು ಆಡಬೇಕಾಯಿತು. ಹದಿನೇಳು ಕುಳಿ ಮುಗಿದರೂ ಇಬ್ಬರೂ ಸಮ. ಕೊನೆಯದರಲ್ಲಿ ಜೋನ್ಸ್‌ನ ಚೆಂಡು ಹುಲ್ಲಿಲ್ಲದ ಸಡಿಲ ಮಣ್ಣಿನ ಮೇಲಿತ್ತು. ಗ್ರೀನಿಗೆ ಸುಮಾರು 190 ಗಜ, ಗ್ರೀನಿನ ಮುಂದೆ ನೀರು. ಕ್ರುಕ್‌ಶ್ಯಾಂಕ್ ನೀರಿನ ಈಚೆಗೇ ಚೆಂಡನ್ನು ನಿಲ್ಲಿಸಿದ್ದ. ಸುರಕ್ಷಿತವಾಗಿ ಆಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಜೋನ್ಸ್ ಉದ್ದನೆಯ ಕಬ್ಬಿಣದ ಕ್ಲಬ್ಬನ್ನು ಎಳೆದು, ಹೆಚ್ಚು ಹೊತ್ತು ನಿಲ್ಲದೆ ಹೊಡೆದ. ನೀರನ್ನು ದಾಟಿದ ಚೆಂಡು ಕುಳಿಯಿಂದ ಕೆಲವೇ ಅಡಿ ದೂರದಲ್ಲಿ ನಿಂತಿತು. ಮೊದಲ ರಾಷ್ಟ್ರೀಯ ಪ್ರಶಸ್ತಿ. 1916ರಿಂದ ಏಳು ವರ್ಷ ಬರಿಗೈ. ಆಮೇಲಿನ ಏಳು ವರ್ಷದ ಲೆಕ್ಕವೇ ಬೇರೆ: ಆಡಿದ 21 ರಾಷ್ಟ್ರೀಯ ಸ್ಪರ್ಧೆಗಳಲ್ಲಿ 13 ಗೆಲುವು.

ಆಟದ ತಂತ್ರದ ಬಗ್ಗೆ ನಾಲ್ಕು ಮಾತು ಇಲ್ಲಿ ಅಗತ್ಯ. ಅಂದಿನ ಕ್ಲಬ್ಬುಗಳ ಹಿಡಿಕೆ ಹಿಕರಿ ಎಂಬ ಮರದ್ದು. ರಭಸದಿಂದ ಬೀಸಿದರೆ ಮರ ತಿರುಚಿಕೊಳ್ಳುತ್ತದೆ, ಚೆಂಡು ದಿಕ್ಕು ತಪ್ಪುತ್ತದೆ. ಹಾಗಾಗಿ ತೋಳ್ಬಲಕ್ಕಿಂತ ಲಯವೇ ಮುಖ್ಯ. ಜೋನ್ಸ್ ಪಾದಗಳನ್ನು ಹತ್ತಿರ ಹತ್ತಿರ ಇಟ್ಟು ನಿಲ್ಲುತ್ತಿದ್ದ. ಕ್ಲಬ್ಬನ್ನು ಹಿಂದಕ್ಕೆ ಒಯ್ಯುವಾಗ ಅವಸರವಿಲ್ಲ. ಸೊಂಟವೂ ಭುಜವೂ ಧಾರಾಳವಾಗಿ ತಿರುಗಿ ಎಡ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು. ಕೆಳಗಿಳಿಯುವಾಗ ಮೊದಲು ಮರಳುವುದು ಸೊಂಟ, ತೋಳು ಆಮೇಲೆ, ಕೈ ಎಲ್ಲಕ್ಕಿಂತ ಕೊನೆಗೆ. ಹೊಸಬರು ಇದನ್ನು ತಲೆಕೆಳಗು ಮಾಡಿ ಕೈಯಿಂದಲೇ ಆರಂಭಿಸುತ್ತಾರೆ ಎಂಬುದು ಆತನ ತಕರಾರಾಗಿತ್ತು. ಬಿಗಿಮುಷ್ಟಿಯಿಂದ ಕ್ಲಬ್ಬನ್ನು ಹಿಸುಕಿದರೆ ಮಣಿಕಟ್ಟಿನ ಜೊತೆಗೆ ಮನಸ್ಸೂ ಬಿಗಿಯುತ್ತದೆ. ಬೀಸುವಾಗ ಒಂದೇ ಸಂಗತಿಯನ್ನು ಯೋಚಿಸಿದ ದಿನ ಆಟ ಸೊಗಸು, ಎರಡಾದರೆ ಪರವಾಗಿಲ್ಲ, ಮೂರಾದರೆ ಕೆಟ್ಟಿತು ಎಂಬ ಅರ್ಥದ ಮಾತನ್ನು ಆತ ಹೇಳಿದ್ದುಂಟು.

ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಕಲೆ, ಅಂದರೆ ಪಟಿಂಗ್, ಜೋನ್ಸ್‌ಗೆ ಸಹಜವಾಗಿ ಬಂದದ್ದಲ್ಲ. ಹಿರಿಯ ಚಾಂಪಿಯನ್ ವಾಲ್ಟರ್ ಟ್ರಾವಿಸ್ 1924ರಲ್ಲಿ ಕೊಟ್ಟ ಸಲಹೆಯಂತೆ ಪಾದಗಳನ್ನು ಇನ್ನೂ ಹತ್ತಿರ ತಂದು, ಚೆಂಡನ್ನು ಕುಟ್ಟುವುದರ ಬದಲು ನೀಳವಾಗಿ ಸವರುವುದನ್ನು ರೂಢಿಸಿಕೊಂಡ. ಕುಳಿಯ ಅಂಚಿಗೆ ಬರುವಷ್ಟರಲ್ಲಿ ಚೆಂಡಿನ ಉಸಿರು ಮುಗಿಯುವಂತಿರಬೇಕು. ಆಗ ಎದುರಿನಿಂದಲ್ಲದಿದ್ದರೆ ಪಕ್ಕದಿಂದಾದರೂ ಅದು ಒಳಗೆ ಜಾರೀತು. ರಭಸದ ಚೆಂಡಿಗಾದರೋ ಕುಳಿಯ ನಡುವಿನ ಬಾಗಿಲೊಂದೇ ತೆರೆದಿರುತ್ತದೆ.

1925ರ ಅಮೆರಿಕನ್ ಓಪನ್ ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ. ಮೊದಲ ಸುತ್ತಿನ ಹನ್ನೊಂದನೆಯ ಕುಳಿಯ ಬಳಿ, ಎತ್ತರದ ಹುಲ್ಲಿನಲ್ಲಿದ್ದ ಚೆಂಡಿಗೆ ಕ್ಲಬ್ಬನ್ನು ಹೊಂದಿಸುವಾಗ ಚೆಂಡು ಒಂದಿಷ್ಟು ಅಲುಗಿತು. ಕಂಡವನು ಜೋನ್ಸ್ ಒಬ್ಬನೇ. ತನ್ನ ಮೇಲೆ ತಾನೇ ಒಂದು ಹೊಡೆತದ ದಂಡ ವಿಧಿಸಿಕೊಂಡ. ತಾವು ಏನೂ ಕಾಣಲಿಲ್ಲವೆಂದು ಅಧಿಕಾರಿಗಳು ಹೇಳಿದರೂ ಒಪ್ಪಲಿಲ್ಲ. ನಾಲ್ಕು ಸುತ್ತು ಮುಗಿದಾಗ ಜೋನ್ಸ್ ಮತ್ತು ವಿಲ್ಲಿ ಮ್ಯಾಕ್‌ಫರ್ಲೇನ್ ಇಬ್ಬರದೂ 291. ಆ ಒಂದು ಹೊಡೆತ ಇಲ್ಲದಿದ್ದರೆ ಪ್ರಶಸ್ತಿ ಅಲ್ಲಿಗೇ ಜೋನ್ಸ್‌ನದು. ನಿರ್ಣಾಯಕ ಸುತ್ತೂ ಸಮವಾಗಿ, ಎರಡನೆಯ ನಿರ್ಣಾಯಕ ಸುತ್ತಿನಲ್ಲಿ ಆತ ಸೋತದ್ದೂ ಒಂದೇ ಹೊಡೆತದಿಂದ. ಪತ್ರಿಕೆಗಳು ಹೊಗಳಿದಾಗ ಜೋನ್ಸ್‌ಗೆ ಅದು ಹಿತವೆನಿಸಲಿಲ್ಲ. ಬ್ಯಾಂಕನ್ನು ದರೋಡೆ ಮಾಡಲಿಲ್ಲವೆಂದು ಯಾರನ್ನಾದರೂ ಹೊಗಳುವುದುಂಟೇ ಎಂಬುದು ಆತನ ಪ್ರಶ್ನೆ. ನಾಲ್ಕು ವರ್ಷದ ಹಿಂದೆ ಚೆಂಡನ್ನು ಎತ್ತಿಕೊಂಡು ನಡೆದವನೇ ಈತ ಎಂದರೆ ನಂಬುವುದು ಕಷ್ಟ.

ಆದರೆ ಎಲ್ಲವೂ ಹಿಡಿತಕ್ಕೆ ಬಂದುಬಿಟ್ಟಿತೆಂದಲ್ಲ. 1926ರ ಆರಂಭದಲ್ಲಿ ಫ್ಲಾರಿಡಾದಲ್ಲಿ ವೃತ್ತಿಪರರ ರಾಜ ವಾಲ್ಟರ್ ಹೇಗನ್ ಜೊತೆ 72 ಕುಳಿಗಳ ಪಂದ್ಯವಾಡಿ, 11 ಕುಳಿ ಬಾಕಿ ಇರುವಾಗಲೇ 12 ಕುಳಿಗಳ ಅಂತರದಿಂದ ಸೋತ. ಹೇಗನ್ ಚೆಂಡನ್ನು ಕಾಡಿಗೂ ಮರಳಿಗೂ ಹೊಡೆಯುತ್ತಿದ್ದ, ನಗುತ್ತಲೇ ಅಲ್ಲಿಂದ ಹೊರಬರುತ್ತಿದ್ದ. ಸುತ್ತಿಗೆ ಏಳು ಕೆಟ್ಟ ಹೊಡೆತ ಇದ್ದೇ ಇರುತ್ತದೆಂದು ಮೊದಲೇ ಲೆಕ್ಕ ಹಿಡಿದು ಆಡುವ ಆಸಾಮಿ ಆತ. ಜೋನ್ಸ್‌ಗೆ ಆ ನಿರಾಳತೆ ಕೊನೆಯವರೆಗೂ ದಕ್ಕಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಬ್ರಿಟಿಷ್ ಓಪನ್ನಿನ ಅರ್ಹತಾ ಸುತ್ತಿಗಾಗಿ ಸನ್ನಿಂಗ್‌ಡೇಲ್‌ನಲ್ಲಿ ಆಡಿದ 66 ಹೊಡೆತಗಳ ಆಟವನ್ನು ಬಲ್ಲವರು ಇಂದಿಗೂ ನೆನೆಯುತ್ತಾರೆ. ಹೋಗುವಾಗ 33, ಬರುವಾಗ 33. ಅದರಲ್ಲಿ ಪಟ್ 33, ಉಳಿದ ಹೊಡೆತ 33. ಓಪನ್ ನಡೆದದ್ದು ಲಿಥಮ್ ಸೇಂಟ್ ಆನ್ಸ್‌ನಲ್ಲಿ. ಕೊನೆಯ ದಿನ ಊಟಕ್ಕೆ ಹೊರಹೋಗಿ ಬಂದ ಜೋನ್ಸ್ ಆಟಗಾರರ ಬಿಲ್ಲೆಯನ್ನು ಮರೆತಿದ್ದ. ಕಾವಲುಗಾರ ಒಳಗೆ ಬಿಡಲಿಲ್ಲ. ಜಗಳವಾಡದೆ ಪ್ರೇಕ್ಷಕರ ಸಾಲಿನಲ್ಲಿ ಟಿಕೆಟ್ ಕೊಂಡು ಒಳಬಂದು ಆಡಿದ. ಎರಡು ಕುಳಿ ಉಳಿದಿದ್ದಾಗ ಆಲ್ ವಾಟ್ರಸ್ ಜೊತೆ ಸಮ. ಹದಿನೇಳನೆಯದರಲ್ಲಿ ಜೋನ್ಸ್‌ನ ಚೆಂಡು ಮರಳಿಗೆ ಬಿತ್ತು. ವಾಟ್ರಸ್ ಆಗಲೇ ಗ್ರೀನಿನ ಮೇಲೆ. ಸುಮಾರು 175 ಗಜ ದೂರ, ಮರಳಿನ ಒಂದು ಚಿಟಿಕೆ ಹೆಚ್ಚು ತಗುಲಿದರೂ ಆಟ ಮುಗಿದಂತೆ. ಚೆಂಡು ಮರಳಿನಿಂದ ಸ್ವಚ್ಛವಾಗಿ ಎದ್ದು ಗ್ರೀನಿಗೆ ಬಂತು. ಬೆಚ್ಚಿದ ವಾಟ್ರಸ್ ಮೂರು ಪಟ್ ಆಡಿದ. ಆ ಜಾಗದಲ್ಲಿ ಈ ಹೊಡೆತಕ್ಕೊಂದು ಫಲಕವಿದೆ. ಕೆಲವೇ ವಾರಗಳಲ್ಲಿ ಅಮೆರಿಕನ್ ಓಪನ್ನನ್ನೂ ಗೆದ್ದು, ಒಂದೇ ವರ್ಷ ಎರಡೂ ಓಪನ್ ಗೆದ್ದ ಮೊದಲಿಗನಾದ. ಮರುವರ್ಷ ಸೇಂಟ್ ಆಂಡ್ರೂಸ್‌ನಲ್ಲೇ ಬ್ರಿಟಿಷ್ ಓಪನ್ ಮತ್ತೆ ಗೆದ್ದು, ಪ್ರಶಸ್ತಿ ಪಾತ್ರೆಯನ್ನು ಅಮೆರಿಕಕ್ಕೆ ಒಯ್ಯದೆ ಅಲ್ಲಿಯೇ ಬಿಟ್ಟುಹೋದ. 1921ರ ಕೋಪವನ್ನು ಆ ಊರು ಅಂದು ಮರೆಯಿತು.

ಗೆಲುವಿನ ಬೆಲೆಯನ್ನು ಹತ್ತಿರದಿಂದ ಬಲ್ಲವನು ಅಟ್ಲಾಂಟಾದ ಪತ್ರಕರ್ತ ಒ. ಬಿ. ಕೀಲರ್. ಜೋನ್ಸ್‌ನ ಬೆನ್ನಿಗೆ ಬಿದ್ದು ಎಲ್ಲ ದೊಡ್ಡ ಸ್ಪರ್ಧೆಗಳಿಗೂ ಹೋದ ಈತ 1927ರಲ್ಲಿ ಆತನ ಜೊತೆಗೂಡಿ ಪುಸ್ತಕವನ್ನೂ ಬರೆದ. ಹೊರಗೆ ಹಿಮದಂತೆ ಕಾಣುವ ಜೋನ್ಸ್ ಆಟದ ದಿನ ಬೆಳಿಗ್ಗೆ ತುತ್ತು ನುಂಗಲಾರದೆ ಒದ್ದಾಡುತ್ತಿದ್ದ. ಒಂದು ಸ್ಪರ್ಧೆ ಮುಗಿಯುವಷ್ಟರಲ್ಲಿ ಆರೇಳು ಕಿಲೋ ತೂಕ ಇಳಿದದ್ದೂ ಇದೆ. ಕ್ಲಬ್ಬು ಹಾರುವುದು ನಿಂತಿತ್ತು. ಒಳಗಿನ ಉರಿ ನಿಂತಿರಲಿಲ್ಲ. ಗೆಳೆಯರ ಜೊತೆ ಆಡುವ ಗಾಲ್ಫ್ ಬೇರೆ, ಸ್ಪರ್ಧೆಯ ಗಾಲ್ಫ್ ಬೇರೆ, ಇವೆರಡೂ ಒಂದೇ ಆಟವಲ್ಲ ಎಂದು ಆತ ನಂಬಿದ್ದು ಸುಮ್ಮನೆ ಅಲ್ಲ.

1930. ಮೇ ತಿಂಗಳಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಹವ್ಯಾಸಿ ಸ್ಪರ್ಧೆ, ಜೋನ್ಸ್‌ಗೆ ಅದುವರೆಗೂ ಒಲಿಯದಿದ್ದ ಏಕೈಕ ದೊಡ್ಡ ಪ್ರಶಸ್ತಿ. ಸಿರಿಲ್ ಟೋಲಿ ಜೊತೆಗಿನ ಪಂದ್ಯ ಹತ್ತೊಂಬತ್ತನೆಯ ಕುಳಿಯವರೆಗೆ ಹೋಗಿ, ಎದುರಾಳಿಯ ಚೆಂಡಿಗೂ ಕುಳಿಗೂ ನಡುವೆ ಜೋನ್ಸ್‌ನ ಚೆಂಡು ಅಡ್ಡ ನಿಂತದ್ದರಿಂದ ತೀರ್ಮಾನವಾಯಿತು. ಹೀಗೆ ಅಡ್ಡ ನಿಂತ ಚೆಂಡನ್ನು ಆಗ ಎತ್ತುವಂತಿರಲಿಲ್ಲ. ಈ ನಿಯಮ 1952ರಲ್ಲಿ ರದ್ದಾಯಿತು. ಅದೃಷ್ಟದ ಪಾಲೂ ಇತ್ತೆಂಬುದನ್ನು ಮರೆಮಾಚಬೇಕಿಲ್ಲ. ಫೈನಲಿನಲ್ಲಿ ರೋಜರ್ ವೆದರೆಡ್ ಸುಲಭವಾಗಿ ಸೋತ. ಜೂನ್‌ನಲ್ಲಿ ಹೊಯ್‌ಲೇಕ್‌ನ ಬ್ರಿಟಿಷ್ ಓಪನ್. ಕೊನೆಯ ಸುತ್ತಿನ ಎಂಟನೆಯ ಕುಳಿಯಲ್ಲಿ, ಗ್ರೀನಿನ ಅಂಚಿಗೇ ಬಂದಿದ್ದ ಜೋನ್ಸ್, ಅಲ್ಲಿಂದ ಐದು ಹೊಡೆತ ಬಳಸಿ ಏಳಕ್ಕೆ ಮುಗಿಸಿದ. ಇಪ್ಪತ್ತರ ಹರೆಯದ ಜೋನ್ಸ್ ಆಗಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಈಗ ಮುಂದಿನ ಕುಳಿಗೆ ನಡೆದು, ಮುದುಕ ಪಾರ್ ಜೊತೆ ಮತ್ತೆ ಲೆಕ್ಕ ಹಚ್ಚಿ, ಎರಡು ಹೊಡೆತಗಳಿಂದ ಗೆದ್ದ.

ಜುಲೈನಲ್ಲಿ ಮಿನಿಯಾಪೊಲಿಸ್‌ನ ಇಂಟರ್‌ಲಾಕೆನ್‌ನಲ್ಲಿ ಅಮೆರಿಕನ್ ಓಪನ್. ಬಿಸಿಲಿಗೆ ಬೆವರಿ ಬಿಗಿದುಕೊಂಡ ಜೋನ್ಸ್‌ನ ಟೈ ಗಂಟನ್ನು ಬಿಚ್ಚಲಾಗದೆ ಕತ್ತರಿಸಬೇಕಾಯಿತು. ಅಲ್ಲಿಯೂ ಎರಡು ಹೊಡೆತಗಳ ಗೆಲುವು. ಸೆಪ್ಟೆಂಬರ್ 27ರಂದು, ಹದಿನಾಲ್ಕರ ಹುಡುಗನಾಗಿ ಕ್ಲಬ್ಬು ಎಸೆದಿದ್ದ ಅದೇ ಮೆರಿಯನ್‌ನಲ್ಲಿ, ಯೂಜೀನ್ ಹೋಮನ್ಸ್‌ನನ್ನು ಸೋಲಿಸಿ ಅಮೆರಿಕನ್ ಹವ್ಯಾಸಿ ಪ್ರಶಸ್ತಿಯನ್ನೂ ಪಡೆದಾಗ ಗ್ರ್ಯಾಂಡ್ ಸ್ಲಾಮ್ ಪೂರ್ತಿಯಾಯಿತು. ಮುತ್ತಿದ ಜನಸಾಗರದಿಂದ ಆತನನ್ನು ಪಾರುಮಾಡಿ ಕರೆದೊಯ್ದವರು ನೌಕಾದಳದ ಸಿಪಾಯಿಗಳು. ನವೆಂಬರ್ 17ರಂದು ನಿವೃತ್ತಿ ಪ್ರಕಟಿಸಿದ. ಮಡದಿ ಮೇರಿ ಮತ್ತು ಮಕ್ಕಳು, ವಕೀಲಿಕೆ, ಸವೆದ ನರಗಳು: ಕಾರಣಗಳಿಗೆ ಕೊರತೆಯಿರಲಿಲ್ಲ.

ನಿವೃತ್ತಿಯ ನಂತರ ಮಾಡಿದ ಕೆಲಸ ಗಾಲ್ಫ್ ಕಲಿಯುವವರಿಗೆ ಹೆಚ್ಚು ಉಪಕರಿಸಿತು. ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ 1931ರಲ್ಲಿ ಹನ್ನೆರಡು, 1933ರಲ್ಲಿ ಆರು ಕಿರುಚಿತ್ರಗಳಲ್ಲಿ ಪಟರ್‌ನಿಂದ ಹಿಡಿದು ಡ್ರೈವರ್‌ವರೆಗೆ ಒಂದೊಂದನ್ನೂ ಬಿಡಿಸಿ ತೋರಿಸಿದ. ಡಬ್ಲ್ಯು. ಸಿ. ಫೀಲ್ಡ್ಸ್‌ನಂಥ ಹಾಲಿವುಡ್ ತಾರೆಯರು ಜೊತೆಗೆ ನಟಿಸಿದರು. ಸ್ಪಾಲ್ಡಿಂಗ್ ಕಂಪನಿಗಾಗಿ ಉಕ್ಕಿನ ಹಿಡಿಕೆಯ ಕ್ಲಬ್ಬುಗಳ ವಿನ್ಯಾಸದಲ್ಲಿ ಓದಿದ ಎಂಜಿನಿಯರಿಂಗ್ ನೆರವಾಯಿತು. ಕೈಯ ಅಂದಾಜಿನಲ್ಲೇ ಒಂದೊಂದಾಗಿ ಆಯ್ದಿದ್ದ ಆತನ ಹಳೆಯ ಮರದ ಕ್ಲಬ್ಬುಗಳನ್ನು ತೂಗಿ ನೋಡಿದಾಗ ಒಂದರ ಹೊರತು ಎಲ್ಲದರ ತೂಕದ ಸಮತೋಲ ಒಂದೇ ಬಂತಂತೆ. ಆ ಒಂದು, ಜೋನ್ಸ್‌ಗೆ ಸದಾ ಕೈಕೊಡುತ್ತಿದ್ದ ಕ್ಲಬ್ಬೇ ಆಗಿತ್ತು.

ಜಾರ್ಜಿಯಾದ ಅಗಸ್ಟಾದಲ್ಲಿ ಹಳೆಯ ಸಸ್ಯಕ್ಷೇತ್ರವೊಂದನ್ನು ಕ್ಲಿಫರ್ಡ್ ರಾಬರ್ಟ್ಸ್ ಜೊತೆಗೂಡಿ ಕೊಂಡು, ಅಲಿಸ್ಟರ್ ಮೆಕೆಂಜಿಯ ಕೈಯಿಂದ ಮೈದಾನ ರೂಪಿಸಿದ. 1934ರಲ್ಲಿ ಅಲ್ಲಿ ಆರಂಭವಾದ ಆಹ್ವಾನಿತರ ಸ್ಪರ್ಧೆಯೇ ಇಂದಿನ ಮಾಸ್ಟರ್ಸ್. ಮೊದಲ ವರ್ಷ ಜೋನ್ಸ್ ತಾನೂ ಆಡಿದ, ಹದಿಮೂರನೆಯ ಸ್ಥಾನ. ಕ್ಯಾಲಮಿಟಿ ಜೇನ್ ಮಾತು ಕೇಳುವುದನ್ನು ನಿಲ್ಲಿಸಿತ್ತು. ಈ ಸುಂದರ ಉದ್ಯಾನದ ಕುರಿತು ಇನ್ನೊಂದು ಮಾತನ್ನೂ ಹೇಳಬೇಕು. ಕ್ಯಾಡಿಗಳಾಗಿ ದುಡಿದವರು ಕಪ್ಪು ಜನರು. ಆದರೆ ಮಾಸ್ಟರ್ಸ್‌ನಲ್ಲಿ ಕಪ್ಪು ಆಟಗಾರನೊಬ್ಬ ಆಡಿದ್ದು 1975ರಲ್ಲಿ, ಜೋನ್ಸ್ ತೀರಿಕೊಂಡ ಮೇಲೆ. ಕ್ಲಬ್ಬಿನ ಸದಸ್ಯತ್ವ ಸಿಗಲು 1990 ಬರಬೇಕಾಯಿತು. ತನ್ನ ಚೆಂಡಿನ ಅಲುಗಾಟವನ್ನು ಅಷ್ಟು ಸೂಕ್ಷ್ಮವಾಗಿ ಕಂಡವನು ತನ್ನ ಅಂಗಳದ ಈ ಅನ್ಯಾಯದ ಎದುರು ನಿಂತದ್ದು ಕಾಣುವುದಿಲ್ಲ.

1948ರಲ್ಲಿ ಕೈಕಾಲುಗಳ ಶಕ್ತಿ ಕುಂದತೊಡಗಿತು. ಆ ವರ್ಷದ ಆಗಸ್ಟ್‌ನಲ್ಲಿ ಈಸ್ಟ್ ಲೇಕ್‌ನಲ್ಲಿ ಆಡಿದ್ದೇ ಕೊನೆಯ ಸುತ್ತು. ಬೆನ್ನಿಗೆ ಎರಡು ಶಸ್ತ್ರಚಿಕಿತ್ಸೆಗಳಾದವು. ಬೆನ್ನುಹುರಿಯೊಳಗೆ ದ್ರವ ತುಂಬಿದ ಟೊಳ್ಳು ಬೆಳೆದು ನರಗಳನ್ನು ಹಿಂಡುವ ಸಿರಿಂಗೊಮೈಲಿಯಾ ಎಂಬ ರೋಗವೆಂದು ನಿರ್ಧಾರವಾದದ್ದು 1956ರಲ್ಲಿ. ಊರುಗೋಲು, ಕಾಲಿಗೆ ಕಟ್ಟು, ಕೊನೆಗೆ ಗಾಲಿಕುರ್ಚಿ. 1958ರಲ್ಲಿ ಅಮೆರಿಕನ್ ತಂಡದ ನಾಯಕನಾಗಿ ಸೇಂಟ್ ಆಂಡ್ರೂಸ್‌ಗೆ ಹೋದಾಗ ಆ ಊರು ಗೌರವ ಪೌರತ್ವ ನೀಡಿತು. ಅಮೆರಿಕನ್ನರಲ್ಲಿ ಅದನ್ನು ಹಿಂದೆ ಪಡೆದಿದ್ದವನು ಬೆಂಜಮಿನ್ ಫ್ರಾಂಕ್ಲಿನ್, 1759ರಲ್ಲಿ. ಸಮಾರಂಭ ಮುಗಿದು ಗಾಲ್ಫ್ ಗಾಡಿಯಲ್ಲಿ ಸಭಾಂಗಣದ ನಡುವೆ ಸಾಗುವಾಗ ಜನ ಎದ್ದು ನಿಂತು ಬೀಳ್ಕೊಡುಗೆಯ ಹಳೆಯ ಸ್ಕಾಟಿಷ್ ಹಾಡು ಹಾಡಿದರು.

ಬೆರಳುಗಳು ಮುರುಟಿದ ಮೇಲೂ ಜೋನ್ಸ್ ವಕೀಲಿಕೆಯ ಕಚೇರಿಗೆ ಹೋಗುವುದನ್ನು ಬಹುಕಾಲ ಬಿಡಲಿಲ್ಲ. 1960 ಮತ್ತು 1966ರಲ್ಲಿ ಗಾಲ್ಫ್ ಕುರಿತ ಆತನ ಎರಡು ಪುಸ್ತಕಗಳು ಬಂದವು. ಅಪರಿಚಿತರು ಬರೆದ ಪತ್ರಗಳಿಗೂ ಉತ್ತರ ಹೋಗುತ್ತಿತ್ತು. ಪೆನ್ನು ಹಿಡಿಯಲು ಆಗದಿದ್ದಾಗ ಅದನ್ನೊಂದು ಚೆಂಡಿಗೆ ಸಿಕ್ಕಿಸಿ, ಚೆಂಡನ್ನು ಅಂಗೈಯಲ್ಲಿ ಹಿಡಿದು ಸಹಿ ಮಾಡುತ್ತಿದ್ದ. 1971ರ ಡಿಸೆಂಬರ್ 18ರಂದು ಅಟ್ಲಾಂಟಾದಲ್ಲಿ ಜೋನ್ಸ್ ತೀರಿಕೊಂಡಾಗ ಅರವತ್ತೊಂಬತ್ತು ವರ್ಷ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನ ಹತ್ತನೆಯ ಕುಳಿ ಈಗ ಬಾಬಿ ಜೋನ್ಸ್ ಹೆಸರಿನಲ್ಲಿದೆ.